ಅವ್ವ ಹೇಳಿ ಬರೆಸಿದ ಪಟ್ಟಿ



ಈ ಉಪನ್ಯಾಸದ ದತ್ತಿ ಒಬ್ಬ ತಾಯಿಯ ಹೆಸರಿನಲ್ಲಿದೆ. ಆಕೆ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ, ನಾಲ್ಕು ಮಕ್ಕಳನ್ನು ಹತ್ತಿಸಿದವರು. ಉಪನ್ಯಾಸಕ್ಕೆ ಕರೆಯಲು ಬಂದ ಅವರ ಹಿರಿಯ ಮಗಳು, ‘ವಿಷಯ ನಿಮ್ಮದೇ, ಆದರೆ ನಮ್ಮವ್ವ ಕೂತು ಕೇಳುವಂಥದ್ದಾಗಿರಲಿ’ ಎಂದರು. ಆ ಮಾತು ನನ್ನನ್ನು ಹದಿನೈದು ದಿನ ಬಿಡಲಿಲ್ಲ. ಬರೆದಿಟ್ಟುಕೊಂಡಿದ್ದ ವಿಷಯವನ್ನು ಬದಿಗಿಟ್ಟು ಬೇರೆಯದನ್ನು ತಂದಿದ್ದೇನೆ.

ಮುಂದಿನ ವಾರ ನೀರು ತುಂಬುವ ಹಬ್ಬ. ಈ ಸಭೆಯಲ್ಲಿ ಕುಳಿತ ತಾಯಂದಿರ ಕಿವಿ ಇಲ್ಲಿದ್ದರೂ ಮನಸ್ಸಿನ ಒಂದು ತುದಿ ಮನೆಯಲ್ಲಿದೆ ಎಂದು ನನಗೆ ಗೊತ್ತು. ಕಡಲೆಬೇಳೆ ಎಷ್ಟು ಉಳಿದಿದೆ, ಮಗಳ ಸೀರೆಗೆ ಫಾಲ್ ಹಚ್ಚಲು ಕೊಟ್ಟದ್ದು ಬಂತೇ, ಬೀಗರ ಮನೆಗೆ ಯಾವಾಗ ಫೋನು ಮಾಡಬೇಕು, ಸಿಲಿಂಡರು ಹಬ್ಬದ ನಡುವೆ ಮುಗಿದರೆ ಏನು ಗತಿ. ಯಾರ ಕಣ್ಣಿಗೂ ಬೀಳದ ಆ ತುದಿಯ ಬಗ್ಗೆಯೇ ನಾನಿಂದು ಮಾತಾಡಬೇಕೆಂದಿದ್ದೇನೆ.

ನಮ್ಮ ಕಡೆ, ಅಂದರೆ ಧಾರವಾಡ–ಹಾವೇರಿ ಸೀಮೆಯಲ್ಲಿ, ಹಬ್ಬ ಒಂದೊಂದಾಗಿ ಬರುವುದಿಲ್ಲ. ಶ್ರಾವಣದ ನಾಗರಪಂಚಮಿಯಿಂದ ಶುರುವಾದರೆ ಕಾರ್ತಿಕದ ಪಾಡ್ಯದವರೆಗೆ ಒಂದರ ಬೆನ್ನಿಗೆ ಇನ್ನೊಂದು. ಪಂಚಮಿಯ ಉಂಡಿಯ ಡಬ್ಬಿ ಖಾಲಿಯಾಗುವ ಹೊತ್ತಿಗೆ ಗಣಪ್ಪ ಬಂದಿರುತ್ತಾನೆ. ಮಹಾನವಮಿಗೆ ಮನೆಯ ಹಾಸಿಗೆ, ಹೊದಿಕೆ, ಪಾತ್ರೆಗಳೆಲ್ಲ ಹೊರಬಂದು ತೊಳೆದು ಒಳಹೋಗಬೇಕು. ಮಕ್ಕಳಿಗೆ ದಸರಾ ರಜೆ ಬೇರೆ. ರಜೆ ಎಂದರೆ ತಾಯಿಗೆ ಮಧ್ಯಾಹ್ನದ ಊಟ, ಸಂಜೆಯ ತಿಂಡಿ, ಅಂಗಳದ ಜಗಳ ಎಲ್ಲವೂ ಇಮ್ಮಡಿ. ಬನ್ನಿ ಮುಡಿದು ಐದು ದಿನಕ್ಕೆ ಸೀಗಿ ಹುಣ್ಣಿಮೆ. ಹೊಲಕ್ಕೆ ಹೋಗಿ ಚರಗ ಚೆಲ್ಲಬೇಕು, ಆ ಚರಗದ ಅಡಿಗೆ ಹಿಂದಿನ ರಾತ್ರಿಯೇ ಆಗಬೇಕು. ಅಲ್ಲಿಂದ ಎರಡು ವಾರ ತುಂಬುವುದರೊಳಗೆ ದೀಪಾವಳಿ. ತ್ರಯೋದಶಿಯ ಸಂಜೆ ನೀರು ತುಂಬುವುದು, ಚತುರ್ದಶಿಯ ನಸುಕಿನಲ್ಲಿ ಎಣ್ಣೆನೀರು, ಆರತಿ. ಅಮಾವಾಸ್ಯೆಗೆ ಲಕ್ಷ್ಮಿ, ಪಾಡ್ಯಕ್ಕೆ ಹೊಸ್ತಿಲ ಮುಂದೆ ಸಗಣಿಯ ಪಾಂಡವರು, ಹಟ್ಟಿಲಕ್ಕವ್ವ.

ಪಂಚಾಂಗ ಹೇಳುವುದು ತಿಥಿಯನ್ನಷ್ಟೇ. ಆ ತಿಥಿಗೆ ಮೂರು ದಿನ ಮೊದಲು ಏನು ನೆನೆಯಬೇಕು, ಎಂಟು ದಿನ ಮೊದಲು ಏನು ಒಣಗಬೇಕು ಎನ್ನುವುದು ಪಂಚಾಂಗದಲ್ಲಿಲ್ಲ. ಅದಿದ್ದದ್ದು ನಮ್ಮವ್ವನ ತಲೆಯಲ್ಲಿ. ಅದು ಅಲ್ಲಿದೆ ಎಂಬುದು ಮನೆಯ ಯಾರಿಗೂ ಗೊತ್ತಿರಲಿಲ್ಲ. ನಾನು ಹತ್ತನೆಯ ತರಗತಿಯಲ್ಲಿದ್ದ ವರ್ಷ ಗೊತ್ತಾಯಿತು.

ಅವ್ವನಿಗೆ ಆ ವರ್ಷ ಗರ್ಭಕೋಶದ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ವೈದ್ಯರು ಆಷಾಢದಲ್ಲೇ ಹೇಳಿದ್ದರು. ‘ಪಂಚಮಿ ಮುಗೀಲಿ’ ಎಂದಳು. ಪಂಚಮಿ ಮುಗಿದ ಮೇಲೆ ‘ಗಣಪ್ಪ ಹೋಗಲಿ’, ಆಮೇಲೆ ‘ಮಾನೌಮಿ ಆಗಲಿ’. ಸೀಗಿ ಹುಣ್ಣಿಮೆಯ ದಿನ ಹೊಲದ ಬದುವಿನ ಮೇಲೆ ಬುಟ್ಟಿ ಇಳಿಸಿದವಳು ಏಳಲಾರದೆ ಅಲ್ಲೇ ಕುಳಿತಳು. ಚಕ್ಕಡಿಯಲ್ಲಿ ಮಲಗಿಸಿಕೊಂಡು ಬಂದರು. ದೀಪಾವಳಿಗೆ ಒಂದು ವಾರವಿರುವಾಗ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ತಾಯಂದಿರು ತಮ್ಮ ಕಾಯಿಲೆಗೆ ಹಬ್ಬದ ಲೆಕ್ಕದಲ್ಲಿ ವಾಯಿದೆ ಕೊಡುವುದನ್ನು ಆಮೇಲೆ ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಈಗಲೂ ಕಾಣುತ್ತೇನೆ. ಕಂಡಾಗಲೆಲ್ಲ ಆ ಬದುವಿನ ಮೇಲೆ ಕುಳಿತ ಅವ್ವ ನೆನಪಾಗುತ್ತಾಳೆ.

ಮೂರನೆಯ ದಿನ ನಾನು ಆಸ್ಪತ್ರೆಗೆ ಹೋದೆ. ಅವ್ವನ ದನಿ ಇನ್ನೂ ಸಣ್ಣಗಿತ್ತು. ‘ವಹಿ ತಂದೀಯೇನ? ಬರಕೋ’ ಎಂದಳು. ಶಾಲೆಯ ಚೀಲದಲ್ಲಿದ್ದ ಸಮಾಜ ವಿಜ್ಞಾನದ ನೋಟುಬುಕ್ಕನ್ನು ಹಿಂದಿನ ಪುಟದಿಂದ ತೆರೆದೆ. ಕಣ್ಣು ಮುಚ್ಚಿಕೊಂಡೇ ಹೇಳತೊಡಗಿದಳು. ನಡುನಡುವೆ ನರ್ಸು ಬಂದು ಮಾತಾಡಬೇಡಿ ಎಂದು ಹೇಳಿ ಹೋಗುತ್ತಿದ್ದರು. ಅವರು ಹೋದ ಮೇಲೆ ಅವ್ವ ಬಿಟ್ಟಲ್ಲಿಂದಲೇ ಮತ್ತೆ ಶುರು ಮಾಡುತ್ತಿದ್ದಳು. ಒಂದೂ ತಪ್ಪಲಿಲ್ಲ, ಒಂದನ್ನೂ ಎರಡು ಸಲ ಹೇಳಲಿಲ್ಲ. ಬರೆದು ಮುಗಿದಾಗ ಏಳು ಪುಟ ಆಗಿತ್ತು. ಆ ನೋಟುಬುಕ್ಕು ಇವತ್ತಿಗೂ ನನ್ನಲ್ಲಿದೆ, ಈ ಮೇಜಿನ ಮೇಲಿದೆ. ಕೆಲವು ಸಾಲುಗಳನ್ನು ಅವ್ವನ ಮಾತಿನಲ್ಲೇ ಓದುತ್ತೇನೆ.

‘ಚಕ್ಕಲಿ ಹಿಟ್ಟು ಏಕಾದಶಿ ದಿನಾನ ಗಿರಣಿಗೆ ಕಳಸು. ದ್ವಾದಶಿಗೆ ಸಾಲು ಹಚ್ಚಿರ್ತಾರ. ಗೋದಿ ಬೀಸಿದ ಮ್ಯಾಲೆ ಹಾಕಬ್ಯಾಡ ಅನ್ನು, ಅಕ್ಕಿ ಬೀಸಿದ ಮ್ಯಾಲೆ ಹಾಕಂತ ನಿಂತು ಹೇಳು.’

‘ಹಂಡೆ ಬೆಳಗಾಕ ಹಳೀ ಹುಣಸಿಹಣ್ಣು ಮೂಲ್ಯಾಗಿನ ಗಡಿಗ್ಯಾಗ ಐತಿ. ಹೊಸಾದು ಮುಟ್ಟಬ್ಯಾಡ. ಮಾಲಿಂಗನ ಬಳ್ಳಿ ಹಣಮಪ್ಪನ ಗುಡಿ ಹಿಂದ ಸಿಗ್ತೈತಿ. ನಸುಕಿನ್ಯಾಗ ಹೋಗು, ಹೊತ್ತಾತಂದ್ರ ಎಲ್ಲಾರೂ ಹರಕೊಂಡು ಹೋಗಿರ್ತಾರ.’

‘ಬ್ಯಾಳಿ ಬೆರಳಾಗ ಹಿಚುಕಿದ್ರ ಒಡೀಬೇಕು, ಕರಗಬಾರದು. ಕಟ್ಟು ಚೆಲ್ಲಬ್ಯಾಡ. ಅಜ್ಜನ ಹೋಳಿಗಿಗೆ ಬೆಲ್ಲ ಕಡಿಮಿ, ಮೊದಲ ಅವನ್ನ ಬ್ಯಾರೆ ತಗದಿಡು, ಇಲ್ಲಾಂದ್ರ ಎಲ್ಲಾ ಒಂದಾಗ್ತಾವು.’

‘ಪಾಂಡವರಿಗೆ ಸಗಣಿ ಅಮಾಸಿ ದಿನಾನ ಹೇಳಿಡು. ಪಾಡ್ಯಕ್ಕ ಯಾರೂ ಕೊಡಂಗಿಲ್ಲ, ಅವರವರಿಗೇ ಬೇಕಾಗಿರ್ತೈತಿ. ಉತ್ರಾಣಿ ಕಡ್ಡಿ ಹಿತ್ತಲದಾಗ ಐತಿ, ಕಸ ಅಂತ ಕಿತ್ತೀರಿ ಮತ್ತ.’

‘ಸೋದರತ್ತಿಗೆ ಗುಳೇದಗುಡ್ಡದ ಖಣ. ಹೋದ ವರ್ಷ ಹಸರು ಕೊಟ್ಟೀವಿ, ಈ ಸಲ ಹಸರು ಬ್ಯಾಡ.’

‘ಎದುರುಮನಿ ಆಪಾನ ಡಬ್ಬಿ ನಮ್ಮಲ್ಲೇ ಉಳದೈತಿ. ಖಾಲಿ ಕೊಡಬಾರದು. ಚಕ್ಕಲಿ ಹಾಕಿ ಕೊಡು.’

‘ಹಾಲು ಹಾಕಾಕಿ ಮಗಳು ಬಾಣಂತಿ ಅದಾಳ. ಅಕಿಗೆ ಹೋಳಿಗಿ ಕಳಸಬ್ಯಾಡ, ಕಡ್ಲಿಬ್ಯಾಳಿ ಆಗಂಗಿಲ್ಲ. ಒಣಕೊಬ್ರಿ, ಬೆಲ್ಲ ಕಳಸು.’

‘ತಮ್ಮನ ಪಟಾಕಿ ರೊಕ್ಕ ಸಾಸವಿ ಡಬ್ಬ್ಯಾಗ ಅದಾವು. ನಿಮ್ಮಪ್ಪಗ ಹೇಳಬ್ಯಾಡ.’

ಇದರಲ್ಲಿ ಅಡಿಗೆ ಎಷ್ಟು ಎಂದು ನೋಡಿ. ಬೇಳೆಯ ಹದ ಒಂದೇ ಸಾಲು. ಉಳಿದದ್ದೆಲ್ಲ ಬೇರೆ ಬಗೆಯ ತಿಳಿವಳಿಕೆ. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ಪಾತ್ರೆ ನಮ್ಮಲ್ಲಿದೆ, ಯಾರಿಗೆ ಹೋದ ವರ್ಷ ಯಾವ ಬಣ್ಣ ಕೊಟ್ಟೆವು, ಯಾರಿಗೆ ಯಾವುದನ್ನು ಹೇಳಬಾರದು. ಊರಿನ ಅರ್ಧ ಸಂಬಂಧಗಳು ಆ ಏಳು ಪುಟದಲ್ಲಿದ್ದವು. ಕನ್ನಡದಲ್ಲಿ ಅಡಿಗೆಯನ್ನು ಬರೆದಿಡುವ ಪದ್ಧತಿ ಸಣ್ಣದಲ್ಲ. ಸುಮಾರು 1025ರ ಹೊತ್ತಿಗೆ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕದ ಮಾತಿದೆ. 16ನೆಯ ಶತಮಾನದ ಮೊದಲ ಭಾಗದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲೇ ಬರೆದ. ಪಾಕ ಪುಸ್ತಕಕ್ಕೆ ಬಂದು ಸಾವಿರ ವರ್ಷವಾಯಿತು. ಆದರೆ ಬಾಣಂತಿಗೆ ಏನು ಕಳಿಸಬಾರದು, ಡಬ್ಬಿಯನ್ನು ಖಾಲಿ ಮರಳಿಸಬಾರದು ಎಂಬ ಲೆಕ್ಕ ಮಾತ್ರ ತಾಯಿಯ ತಲೆಯಿಂದ ಮಗಳ ತಲೆಗೆ, ಅತ್ತೆಯಿಂದ ಸೊಸೆಗೆ ಬಾಯಿಮಾತಿನಲ್ಲೇ ಸಾಗಿ ಬಂದಿದೆ.

ಅಪ್ಪ ಆ ಪಟ್ಟಿಯನ್ನು ಲಾಟೀನಿನ ಬೆಳಕಿನಲ್ಲಿ ಎರಡು ಸಲ ಓದಿದ. ಅವತ್ತು ಕರೆಂಟು ಹೋಗಿತ್ತು. ಓದಿ, ‘ಇಷ್ಟೆಲ್ಲಾ ಇತ್ತೇನ?’ ಎಂದ. ಅಪ್ಪ ಸೋಮಾರಿಯಲ್ಲ. ಸಂತೆಗೆ ಹೋಗುತ್ತಿದ್ದವನು, ಹೊರೆ ಹೊತ್ತು ತರುತ್ತಿದ್ದವನು ಅವನೇ. ಇಪ್ಪತ್ತು ವರ್ಷ ಪ್ರತಿ ಹಬ್ಬಕ್ಕೂ ಚೀಲ ಹಿಡಿದು ಬಾಗಿಲಲ್ಲಿ ನಿಂತು ‘ಏನೇನ ತರಲಿ?’ ಎಂದು ಕೇಳಿದ್ದ. ಅವ್ವ ಹೇಳಿದ್ದಳು, ಅವನು ತಂದಿದ್ದ. ಆ ಪ್ರಶ್ನೆಗೆ ಉತ್ತರ ಎಲ್ಲಿಂದ ಬರುತ್ತಿತ್ತು ಎಂಬುದನ್ನು ಅವನು ಅವತ್ತು ಮೊದಲ ಸಲ ಕಂಡ.

ಹಬ್ಬ ಮಾಡಿದೆವು. ಚಕ್ಕಲಿಗೆ ಕಾದ ಎಣ್ಣೆ ಹೆಚ್ಚು ಬಿದ್ದು ಬಾಣಲೆಯಲ್ಲಿ ಬಿಟ್ಟ ಕೂಡಲೇ ಬಿಚ್ಚಿಕೊಂಡು ಚೂರಾದವು. ಆಪಾನ ಡಬ್ಬಿಯಲ್ಲಿ ಚೂರನ್ನೇ ತುಂಬಿ ಕೊಟ್ಟು ಬಂದೆ. ಆಕೆ ಮುಚ್ಚಳ ತೆಗೆದು ನೋಡಿ, ಏನೂ ಹೇಳದೆ, ನನ್ನ ತಲೆಯ ಮೇಲೆ ಕೈಯಿಟ್ಟಳು. ನೀರು ತುಂಬುವ ಸಂಜೆ ತಮ್ಮ ಹಂಡೆಗೆ ಸುಣ್ಣ–ಕೆಮ್ಮಣ್ಣಿನ ಪಟ್ಟೆ ಬಳಿದ. ಚತುರ್ದಶಿಯ ನಸುಕಿಗೆ ನಾಲ್ಕು ಗಂಟೆಗೆ ಎದ್ದು ಒಲೆ ಹಚ್ಚಿದವನು ಅಪ್ಪ. ಹಸಿ ಕಟ್ಟಿಗೆ, ಹೊಗೆ. ಕಣ್ಣೊರೆಸಿಕೊಳ್ಳುತ್ತ ಊದುಗೊಳವೆ ಹಿಡಿದು ಕೂತಿದ್ದ ಅಪ್ಪನನ್ನು ನಾನು ಅದಕ್ಕೂ ಮೊದಲು ಬಚ್ಚಲ ಒಲೆಯ ಮುಂದೆ ಕಂಡಿರಲಿಲ್ಲ.

ಅವ್ವ ಮನೆಗೆ ಬಂದದ್ದು ಪಾಡ್ಯ ಕಳೆದು ನಾಲ್ಕು ದಿನಕ್ಕೆ. ಹೊಸ್ತಿಲ ಬಳಿ ಒಣಗಿದ ಪಾಂಡವರಿದ್ದರು. ಒಂದೊಂದನ್ನೇ ನೋಡಿದಳು. ಡಬ್ಬಿ ಹೋಯಿತೇ ಎಂದು ಕೇಳಿದಳು, ಖಣದ ಬಣ್ಣ ಕೇಳಿದಳು. ಎಲ್ಲ ಆಗಿದೆ ಎಂದೆವು. ನಮಗೆ ಹೆಮ್ಮೆ. ಅವ್ವ ಗೋಡೆಗೆ ಒರಗಿ ಕೂತು ಅತ್ತಳು. ಹೊಟ್ಟೆಯ ಹೊಲಿಗೆ ನೋಯುತ್ತಿದೆ ಎಂದುಕೊಂಡೆವು. ಬಹಳ ವರ್ಷದ ಮೇಲೆ, ನನಗೂ ಮಗ ಹುಟ್ಟಿದ ಮೇಲೆ, ಒಂದು ಮಧ್ಯಾಹ್ನ ಅದನ್ನು ಎತ್ತಿ ಹೇಳಿದಳು: ‘ನಾ ಇಲ್ಲದ ಹಬ್ಬ ಆತು ಅಂದ್ರ ನನಗ ಸಮಾಧಾನ ಆಗಬೇಕಾಗಿತ್ತು. ಆಗಲಿಲ್ಲ ನೋಡು. ನನ್ನ ಕೈಯಾಗಿಂದು ಯಾರೋ ಕಸಗೊಂಡಂಗಾತು.’

ಇದನ್ನು ಇವತ್ತು ಮುಚ್ಚಿಡದೆ ಹೇಳಬೇಕೆಂದೇ ಬಂದಿದ್ದೇನೆ. ಹಬ್ಬದ ಕೆಲಸ ತಾಯಿಯ ಹೆಗಲ ಮೇಲಿನ ಹೊರೆ ಎಂಬುದು ನಿಜ. ಹೊಲ ಅಪ್ಪನ ಹೆಸರಿನಲ್ಲಿ, ಮನೆ ಅಜ್ಜನ ಹೆಸರಿನಲ್ಲಿ ಇದ್ದ ಕಾಲದಲ್ಲಿ ಹಬ್ಬ ಅವ್ವನ ಹೆಸರಿನಲ್ಲಿತ್ತು ಎಂಬುದೂ ಅಷ್ಟೇ ನಿಜ. ಮನೆಯಲ್ಲಿ ಅವಳ ಮಾತೇ ಕೊನೆಯ ಮಾತಾಗುತ್ತಿದ್ದದ್ದು ಆ ನಾಲ್ಕು ದಿನ ಮಾತ್ರ. ಹೊರೆ ಇಳಿಸುತ್ತೇವೆ ಎಂದು ಹೋಗಿ ಆ ಹಿರಿತನವನ್ನೂ ಇಳಿಸಿಬಿಟ್ಟರೆ ಆಕೆಗೆ ಏನುಳಿಯುತ್ತದೆ? ಹಬ್ಬ ಹಂಚಿಕೊಳ್ಳುವ ಮಾತನ್ನು ಆಡುವವರೆಲ್ಲ, ನಾನೂ ಸೇರಿ, ಈ ಅಳುವನ್ನು ಮರೆಯಬಾರದು.

ಈಗ ಸ್ವಲ್ಪ ಅಂಕಿಗಳ ಕಡೆ ಬರುತ್ತೇನೆ. ನಮ್ಮ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ಜನ ದಿನದ ಇಪ್ಪತ್ನಾಲ್ಕು ಗಂಟೆಯನ್ನು ಹೇಗೆ ಕಳೆಯುತ್ತಾರೆ ಎಂದು ಮನೆಮನೆಗೆ ಹೋಗಿ ಕೇಳುತ್ತದೆ. ಸಮಯ ಬಳಕೆ ಸಮೀಕ್ಷೆ ಎಂದು ಅದಕ್ಕೆ ಹೆಸರು. 2019ರ ಸಮೀಕ್ಷೆಯಲ್ಲಿ, ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡಿದ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಟ್ಟಿದ್ದರು, ಗಂಡಸರು 97 ನಿಮಿಷ. ಆ 97 ನಿಮಿಷವೂ ಎಲ್ಲ ಗಂಡಸರದಲ್ಲ, ಆ ದಿನ ಮನೆಗೆಲಸಕ್ಕೆ ಕೈಹಚ್ಚಿದವರದು ಮಾತ್ರ. ಹಾಗೆ ಕೈಹಚ್ಚಿದವರು ಗಂಡಸರಲ್ಲಿ ನೂರಕ್ಕೆ 26, ಹೆಂಗಸರಲ್ಲಿ ನೂರಕ್ಕೆ 81. 2024ರಲ್ಲಿ ಮತ್ತೆ ಕೇಳಿದಾಗ ಹೆಂಗಸರದು 289 ನಿಮಿಷಕ್ಕೆ ಇಳಿದಿತ್ತು, ಗಂಡಸರದು 88ಕ್ಕೆ. ಐದು ವರ್ಷದಲ್ಲಿ ಹೆಂಗಸರ ದಿನದಿಂದ ಹತ್ತು ನಿಮಿಷ ಇಳಿದರೆ ಗಂಡಸರ ದಿನದಿಂದಲೂ ಒಂಬತ್ತು ಇಳಿದಿದೆ. ನಡುವಿನ ಅಂತರ ಇದ್ದಲ್ಲೇ ಇದೆ.

ಈ ಸಮೀಕ್ಷೆಯ ಬಗ್ಗೆ ನನಗೆ ಗೌರವವಿದೆ. ಕಾಣದ ದುಡಿಮೆಯನ್ನು ನಿಮಿಷದ ಲೆಕ್ಕದಲ್ಲಿ ಬರೆದುಕೊಂಡದ್ದು ಸಣ್ಣ ಕೆಲಸವಲ್ಲ. ಅದರ ದಿನ ಶುರುವಾಗುವುದು ಬೆಳಗಿನ ನಾಲ್ಕು ಗಂಟೆಗೆ, ಹಬ್ಬದ ದಿನ ತಾಯಿ ಹಂಡೆಯ ಕೆಳಗೆ ಬೆಂಕಿ ಹಚ್ಚುವ ಹೊತ್ತಿಗೆ. ಅಲ್ಲಿಂದ ದಿನವನ್ನು ಅರ್ಧರ್ಧ ಗಂಟೆಯ ತುಂಡು ಮಾಡಿ ಕೇಳುತ್ತಾರೆ. ಒಂದು ತುಂಡಿನಲ್ಲಿ ಹಲವು ಕೆಲಸ ಮಾಡಿದ್ದರೆ ಹತ್ತು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಮಾಡಿದ್ದನ್ನು ಬರೆದುಕೊಳ್ಳುತ್ತಾರೆ. ಮನೆಯ ಖರ್ಚು, ಯೋಜನೆಗೆ ಒಂದು ಕಲಮು ಕೂಡ ಇದೆ. ಆದರೆ ಅವ್ವ ಹತ್ತು ನಿಮಿಷ ಕೂತು ಯೋಚನೆ ಮಾಡಿದವಳೇ ಅಲ್ಲ. ರೊಟ್ಟಿ ಬಡಿಯುವಾಗ ಖಣದ ಬಣ್ಣ ನೆನಪಾಯಿತು, ದನದ ಮುಂದೆ ಮೇವು ಹಾಕುವಾಗ ಗಿರಣಿಯ ಸಾಲು ನೆನಪಾಯಿತು, ರಾತ್ರಿ ಕಣ್ಣು ಮುಚ್ಚುವಾಗ ಆಪಾನ ಡಬ್ಬಿ. ಎಲ್ಲವೂ ಅರೆಗಳಿಗೆಯವು, ಒಂದಕ್ಕೂ ಕಲಮಿಲ್ಲ. ನಿದ್ದೆಯ ಕಲಮಿನೊಳಗೆ ಡಬ್ಬಿಯ ಚಿಂತೆ ಸೇರಿಹೋಗುತ್ತದೆ.

1998–99ರಲ್ಲಿ ಆರು ರಾಜ್ಯಗಳಲ್ಲಿ ಇಂಥದ್ದೇ ಸಮೀಕ್ಷೆ ನಡೆದಿತ್ತು. ಕರ್ನಾಟಕ ಅದರಲ್ಲಿರಲಿಲ್ಲ. ಅವರು ದಿನಗಳನ್ನು ಮೂರು ಬಗೆ ಮಾಡಿದ್ದರು: ಸಾಮಾನ್ಯ ದಿನ, ವಾರದ ಬೇರೆ ದಿನ, ಅಸಾಮಾನ್ಯ ದಿನ. ನೆಂಟರು ಬರುವುದು, ಯಾರಿಗಾದರೂ ಜ್ವರ ಬರುವುದು, ಹಬ್ಬ, ಇವೆಲ್ಲ ಅಸಾಮಾನ್ಯ ದಿನದ ಪಾಲಿಗೆ. ಲೆಕ್ಕದ ಅನುಕೂಲಕ್ಕೆ ಹಾಗೆ ಮಾಡಬೇಕಾಗುತ್ತದೆ. ತಾಯಿಯ ಕಡೆಯಿಂದ ನೋಡಿದರೆ ವರ್ಷದಲ್ಲಿ ನೆಂಟರು, ಜ್ವರ, ಹಬ್ಬ ಮೂರೂ ಇಲ್ಲದ ದಿನಗಳೇ ಅಪರೂಪ.

ಇದೆಲ್ಲಕ್ಕೆ ಬೆಲೆ ಕಟ್ಟಿದವರು ಇಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಕಟ್ಟಿದ್ದಾರೆ. ನ್ಯಾಯಾಲಯ ಕಟ್ಟಿದೆ. ಯಾವ ಸಂದರ್ಭದಲ್ಲಿ ಎಂದು ಹೇಳುತ್ತೇನೆ. 1989ರ ಮಾರ್ಚ್ 3ರಂದು ಜಮ್ಶೆಡ್‌ಪುರದಲ್ಲಿ ಅಲ್ಲಿನ ಉಕ್ಕಿನ ಕಂಪನಿಯ ಸಂಸ್ಥಾಪಕರ ದಿನದ ಸಂಭ್ರಮ ನಡೆದಿತ್ತು. ಹೆಂಗಸರು ಮಕ್ಕಳನ್ನು ಕರೆದುಕೊಂಡು ನೋಡಲು ಬಂದಿದ್ದರು. ಪೆಂಡಾಲಿಗೆ ಬೆಂಕಿ ಬಿದ್ದು 60 ಜನ ಸತ್ತರು, ಬಹುಪಾಲು ಹೆಂಗಸರು, ಮಕ್ಕಳು. ಸತ್ತ ಗೃಹಿಣಿಯರಿಗೆ ಪರಿಹಾರ ಎಷ್ಟು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಲತಾ ವಾಧ್ವಾ ಪ್ರಕರಣ ಎಂದು ಅದು ಪ್ರಸಿದ್ಧ. 2001ರಲ್ಲಿ ನ್ಯಾಯಾಲಯ ಆ ಮನೆಯೊಡತಿಯರ ದುಡಿಮೆಯ ಬೆಲೆ ತಿಂಗಳಿಗೆ 3,000 ರೂಪಾಯಿ ಎಂದು ಎಣಿಸಿತು. ವಯಸ್ಸಾದವರಿಗೆ ಅದಕ್ಕೂ ಕಡಿಮೆ. ಆಮೇಲೆ 2021ರ ಜನವರಿ 5ರಂದು ಕೀರ್ತಿ ಎಂಬ ಅಪಘಾತ ಪರಿಹಾರದ ಪ್ರಕರಣದಲ್ಲಿ ಅದೇ ನ್ಯಾಯಾಲಯ ಗೃಹಿಣಿಯ ಕೆಲಸವನ್ನು ಒಂದೊಂದಾಗಿ ಎತ್ತಿ ಹೇಳಿ, ಅದಕ್ಕೆ ಆದಾಯ ಎಣಿಸಲೇಬೇಕು ಎಂದಿತು. 2011ರ ಜನಗಣತಿಯಲ್ಲಿ ಸುಮಾರು 16 ಕೋಟಿ ಹೆಂಗಸರು ಮನೆಗೆಲಸವೇ ತಮ್ಮ ಮುಖ್ಯ ಕೆಲಸ ಎಂದಿದ್ದರೆ, ಹಾಗೆಂದ ಗಂಡಸರು 58 ಲಕ್ಷ ಎಂಬ ಮಾತು ಆ ತೀರ್ಪಿನಲ್ಲೇ ಇದೆ. ಒಳ್ಳೆಯ ತೀರ್ಪು. ಆದರೆ ಈ ಎರಡೂ ಲೆಕ್ಕ ಬರೆದದ್ದು ಆಕೆ ಸತ್ತ ಮೇಲೆ. ನಮ್ಮ ಮನೆಯಲ್ಲಿ ಆಸ್ಪತ್ರೆಯ ಮಂಚದ ಮೇಲೆ ಬರೆಸಲು ಅವ್ವ ಉಳಿದಿದ್ದಳು. ಆ ಪುಣ್ಯಕ್ಕೆ ನಾನು ಇವತ್ತಿಗೂ ಕೈಮುಗಿಯುತ್ತೇನೆ.

ತಾಯಿಗೂ ರಜೆ ಬೇಕು ಎಂಬುದು ನಮ್ಮ ಹಿರಿಯರಿಗೆ ತಿಳಿದಿರಲಿಲ್ಲ ಎಂದು ನಾನು ಹೇಳಲಾರೆ. ಪಂಚಮಿಯನ್ನು ನೋಡಿ. ಅದು ಹೆಣ್ಣುಮಕ್ಕಳು ತವರಿಗೆ ಬರಲೆಂದೇ ಇರುವ ಹಬ್ಬ. ಅಣ್ಣನೋ ತಮ್ಮನೋ ಕರೆಯಲು ಬರುತ್ತಾನೆ. ಹಿಂದಿನ ದಿನ ರೊಟ್ಟಿಹಬ್ಬ, ಓಣಿಯ ಮನೆಮನೆಗೆ ರೊಟ್ಟಿ–ಪಲ್ಯ ಬೀರುವುದು. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಜೋಳದ ಅಳ್ಳು. ಬೇವಿನ ಮರಕ್ಕೆ ಜೋಕಾಲಿ. ನಾನು ಅವ್ವ ಹಗಲು ಮಲಗಿದ್ದನ್ನು ಮೊದಲು ಕಂಡದ್ದು ಅವಳ ತವರಿನಲ್ಲೇ. ಏಳೆಂಟು ವರ್ಷದವಳಿರಬೇಕು. ಪಡಸಾಲೆಯಲ್ಲಿ ಕಂಬದ ಪಕ್ಕ ಸೆರಗು ಹೊದ್ದು, ಬಾಯಿ ಅರೆ ತೆರೆದು ಮಲಗಿದ್ದಳು. ಕಾಲುಂಗುರದ ಬೆರಳುಗಳು ಸೆರಗಿನಿಂದ ಹೊರಗಿದ್ದವು. ನನಗೆ ಹೆದರಿಕೆಯಾಗಿ ಎಬ್ಬಿಸಲು ಹೋದೆ. ಒಳಗಿನಿಂದ ಆಯಿ, ಅಂದರೆ ಅವ್ವನ ತಾಯಿ, ಬಂದು ನನ್ನ ರಟ್ಟೆ ಹಿಡಿದು, ‘ಮಲಗಲಿ ಬಿಡು, ಮಗಳು ಮಲಗ್ಯಾಳ’ ಎಂದಳು. ಅವಳ ಕೈತುಂಬ ಉಂಡಿಯ ಬೆಲ್ಲ. ನನ್ನ ರಟ್ಟೆಗೂ ಅಂಟಿತು. ಅವ್ವ ಮಲಗಿದ್ದಾಗ ಎಚ್ಚರವಿದ್ದವಳು ಆಯಿ. ಆಕೆಯ ತವರಿನಲ್ಲಿ ಆಕೆಗಾಗಿ ಎಚ್ಚರವಿರುವವರು ಆ ಹೊತ್ತಿಗೆ ಯಾರೂ ಉಳಿದಿರಲಿಲ್ಲ.

2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಆಮೇಲಿನ ಪಂಚಮಿಗಳಲ್ಲಿ ಬಸ್‌ ನಿಲ್ದಾಣಗಳನ್ನು ನೋಡಿದವರಿಗೆ ತವರಿನ ಆಸೆ ಎಷ್ಟು ದೊಡ್ಡದು ಎಂದು ಗೊತ್ತಾಗಿರುತ್ತದೆ. ಸೊಂಟದ ಮೇಲೆ ಕೂಸು, ಕೈಯಲ್ಲಿ ಉಂಡಿಯ ಗಂಟು. ನನ್ನ ಮನೆಯ ಕೆಲಸಕ್ಕೆ ಬರುವ ಹೆಣ್ಣುಮಗಳು ಆ ವರ್ಷ ಒಂಬತ್ತು ವರ್ಷದ ಮೇಲೆ ತವರಿಗೆ ಹೋದಳು. ನಾಲ್ಕು ದಿನ ಎಂದು ಹೋದವಳು ಮರುದಿನವೇ ಬಂದಳು. ಯಾಕೆ ಎಂದರೆ, ‘ಮನಿಯಾಗ ಅಡಿಗಿ ಯಾರ ಮಾಡಬೇಕ್ರಿ?’ ಬಸ್ಸಿನ ಅಡ್ಡಿ ನಿವಾರಣೆಯಾಗಿದೆ, ಒಲೆಯ ಅಡ್ಡಿ ಆಗಿಲ್ಲ. ಅದೇ ವರ್ಷ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆ ತಿಂಗಳಿಗೆ 2,000 ರೂಪಾಯಿ ಕೊಡುವಾಗ ಆಕೆಯನ್ನು ಮನೆಯ ಯಜಮಾನಿ ಎಂದು ಕರೆಯಿತು. 2013ರ ಆಹಾರ ಭದ್ರತಾ ಕಾಯ್ದೆಯೂ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸನ್ನೇ ಕುಟುಂಬದ ಮುಖ್ಯಸ್ಥೆ ಎನ್ನುತ್ತದೆ. ನನಗೆ ಈ ಎರಡು ಪದಗಳ ಮೇಲೆ ಪ್ರೀತಿಯಿದೆ. ಯಜಮಾನಿಗೆ ಒಂದು ದಿನ ಊರಿಗೆ ಹೋಗಿ ನಿಶ್ಚಿಂತೆಯಿಂದ ಮಲಗಲು ಆಗಬೇಕು.

‘ಈಗೆಲ್ಲ ಅಂಗಡಿಯಲ್ಲಿ ಸಿಗುತ್ತದಲ್ಲ’ ಎಂಬ ಮಾತು ಬಹಳ ಕೇಳುತ್ತೇನೆ. ಸಿಗುತ್ತದೆ, ಸಿಗಲಿ. ನಮ್ಮ ಹುಬ್ಬಳ್ಳಿ–ಧಾರವಾಡದಲ್ಲಿ ರೊಟ್ಟಿ ಬಡಿದು ಮಾರಿ ಮನೆ ನಡೆಸುವ, ಹೋಳಿಗೆ ಮಾಡಿ ಮಕ್ಕಳನ್ನು ಓದಿಸುವ ಎಷ್ಟೋ ತಾಯಂದಿರಿದ್ದಾರೆ. ಅವರ ಕೈಯ ಹೋಳಿಗೆಯನ್ನು ನಾನೂ ತರುತ್ತೇನೆ, ಯಾವ ಅಳುಕೂ ಇಲ್ಲದೆ. ಕೈಯ ಕೆಲಸ ಕಡಿಮೆಯಾಯಿತು. ಆದರೆ ಹೋಳಿಗೆಗೆ ಯಾವಾಗ ಹೇಳಿಡಬೇಕು, ಎಷ್ಟು, ಬೆಲ್ಲ ಕಡಿಮೆಯದು ಎಷ್ಟು, ತರಲು ಯಾರು ಹೋಗಬೇಕು? ತಲೆಯ ಕೆಲಸ ಇದ್ದಲ್ಲೇ ಇದೆ. ಕೆಲಸಕ್ಕೆ ಹೋಗುವ ತಾಯಿ ಅದನ್ನು ಆಫೀಸಿನ ಮೇಜಿನ ಮೇಲೆ, ಬಸ್ಸಿನಲ್ಲಿ, ಮೀಟಿಂಗಿನ ನಡುವೆ ಮಾಡುತ್ತಾಳೆ. ಪರ್ಸಿನೊಳಗೆ ಮಡಿಚಿದ ಚೀಟಿ ಇರುತ್ತದೆ.

ಹೀಗಾಗಿ ‘ಸಹಾಯ’ ಎಂಬ ಪದ ಬಂದಾಗ ನಾನು ನಿಲ್ಲುತ್ತೇನೆ. ‘ನಮ್ಮವರು ತುಂಬಾ ಸಹಾಯ ಮಾಡ್ತಾರೆ’ ಎಂದು ಹೆಂಗಸರೇ ಹೆಮ್ಮೆಯಿಂದ ಹೇಳುತ್ತಾರೆ. ಕೆಲಸ ಯಾರದೋ ಅವರಿಗೆ ತಾನೇ ಸಹಾಯ? ‘ಏನು ಮಾಡ್ಲಿ ಹೇಳು’ ಎಂದು ಕೇಳುವ ಮಗ, ಗಂಡ ಒಳ್ಳೆಯವರೇ, ನಮ್ಮಪ್ಪನೂ ಒಳ್ಳೆಯವನೇ. ಆ ಪ್ರಶ್ನೆಯಲ್ಲಿ ಕೈ ಮಾತ್ರ ಮುಂದೆ ಬಂದಿದೆ, ತಲೆ ಹಿಂದೆಯೇ ನಿಂತಿದೆ. ನೆನಪಿಡುವ ಕೆಲಸ ಮತ್ತೆ ಅವಳದೇ, ಜೊತೆಗೆ ಹಂಚುವ ಕೆಲಸವೂ ಸೇರುತ್ತದೆ.

ನಮ್ಮ ಮನೆಯಲ್ಲಿ ನಾಲ್ಕು ವರ್ಷದಿಂದ ಬೇರೆ ರೀತಿ ಮಾಡಿದ್ದೇವೆ. ಕೆಲಸ ಹಂಚಲಿಲ್ಲ, ದಿನ ಹಂಚಿದೆವು. ನೀರು ತುಂಬುವ ಹಬ್ಬ ಮತ್ತು ಚತುರ್ದಶಿ ಮಗನದು. ಹಂಡೆ ಬೆಳಗುವುದರಿಂದ ಹಿಡಿದು ಎಣ್ಣೆ, ಸೀಗೆಪುಡಿ, ಆರತಿ, ಯಾರನ್ನು ಎಷ್ಟು ಗಂಟೆಗೆ ಎಬ್ಬಿಸಬೇಕು ಎನ್ನುವವರೆಗೆ. ಪಾಡ್ಯ ನನ್ನ ಯಜಮಾನರದು. ಕೊಡುವ ಖಣ, ಬೀರುವ ಫರಾಳ, ಮರಳಿಸುವ ಪಾತ್ರೆ ಎಲ್ಲ ಅವರ ನೆನಪಿನ ಪಾಲು. ಅಮಾವಾಸ್ಯೆ ನಾನು ಬಿಟ್ಟುಕೊಟ್ಟಿಲ್ಲ. ಲಕ್ಷ್ಮಿಯ ಮುಂದೆ ದೀಪ ಜೋಡಿಸುವುದು ನನಗೆ ಸಂತೋಷ, ಅದು ನನಗೇ ಇರಲಿ ಎಂದೆ. ಮೊದಲ ವರ್ಷ ಬಹಳ ಕಷ್ಟವಾಯಿತು, ಅವರಿಗಿಂತ ನನಗೆ. ಬಳ್ಳಿ ತಂದರೋ ಇಲ್ಲವೋ ಎಂದು ಕೇಳಬಾರದೆಂದು ನಾಲಿಗೆ ಕಚ್ಚಿಕೊಂಡು ಕೂತೆ. ಅವ್ವ ಗೋಡೆಗೆ ಒರಗಿ ಅತ್ತದ್ದು ಆಗ ಪೂರ್ತಿ ಅರ್ಥವಾಯಿತು.

ಆ ವರ್ಷ ಬಳ್ಳಿ ಇರಲಿಲ್ಲ. ಮಗ ಬರೀ ಚೆಂಡುಹೂವಿನ ಮಾಲೆ ಕಟ್ಟಿದ್ದ. ಮರುವರ್ಷ ಅವನೇ ಹಳ್ಳಿಯ ಕಡೆ ಗಾಡಿ ಓಡಿಸಿಕೊಂಡು ಹೋಗಿ ಬಳ್ಳಿ ಹುಡುಕಿ ತಂದ. ಎಲ್ಲಿ ಸಿಗುತ್ತದೆ ಎಂದು ಯಾರನ್ನು ಕೇಳಿದನೋ ನಾನು ವಿಚಾರಿಸಲಿಲ್ಲ.

ಮೊನ್ನೆ ಭಾನುವಾರ ಅವನು ಈ ವರ್ಷದ ಪಟ್ಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾನೆ. ಹದಿನೆಂಟು ಸಾಲು ಇದೆ. ಹನ್ನೊಂದನೆಯ ಸಾಲು ‘ಕೆಳಗಿನ ಮನೆ ಅಜ್ಜಿಗೆ ಬಿಸಿನೀರು, ಅವರ ಗೀಸರ್ ಕೆಟ್ಟಿದೆ’. ಇದನ್ನು ನಾನು ಹೇಳಿರಲಿಲ್ಲ, ಅಜ್ಜಿಯ ಗೀಸರ್ ಕೆಟ್ಟದ್ದು ನನಗೆ ಗೊತ್ತೂ ಇರಲಿಲ್ಲ. ಸೀಗೆಪುಡಿ ಬರೆಯಲು ಮರೆತಿದ್ದಾನೆ. ನೀರು ಕುಡಿಯಲೆಂದು ಫ್ರಿಜ್ ತೆಗೆದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ. ಪೆನ್ನು ಅಲ್ಲೇ ಮೇಲಿದೆ. ಇವತ್ತು ಬೆಳಿಗ್ಗೆ ಇಲ್ಲಿಗೆ ಹೊರಡುವವರೆಗೂ ನಾನದನ್ನು ಮುಟ್ಟಿಲ್ಲ.